ನೆಟ್ ಇಲ್ಲದ ತರಗತಿಯಲ್ಲಿ ಸರ್ವರ್ ಪಾಠ

‘ಸರ್ವರ್ ಎಂದರೇನು?’ ಎಂದು ಒಂಬತ್ತನೇ ತರಗತಿಯಲ್ಲಿ ಕೇಳಿದಾಗ ನನಗೆ ಸಿಕ್ಕ ಮೊದಲ ಉತ್ತರ: ‘ರೇಷನ್ ಅಂಗಡೀಲಿ ಡೌನ್ ಆಗುತ್ತಲ್ಲ, ಅದು ಮಿಸ್.’ ಸರ್ವರ್ ಎಲ್ಲೋ ದೂರದಲ್ಲಿದೆ, ಅದು ಕೆಟ್ಟರೆ ನಾವು ಕಾಯಬೇಕು ಎಂಬುದು ಮಕ್ಕಳ ಪೂರ್ವಜ್ಞಾನ. ಅದು ತಮ್ಮ ಮೇಜಿನ ಮೇಲೂ ಇರಬಹುದು, ತಾವೇ ಅದನ್ನು ನಡೆಸಬಹುದು ಎಂದು ಅವರು ಕಂಡುಕೊಳ್ಳುವುದು ಈ ಪಾಠದ ಉದ್ದೇಶ. ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಬೇಕಾದದ್ದು ಉಬುಂಟು ಇರುವ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಮೊಬೈಲ್.

ಪೂರ್ವಸಿದ್ಧತೆ

ಇಂಟರ್ನೆಟ್ ಬೇಕಾಗುವುದು ಈ ಹಂತಕ್ಕೆ ಮಾತ್ರ. ಆದ್ದರಿಂದ ಇದನ್ನು ಹಿಂದಿನ ದಿನವೇ ಮುಗಿಸಬೇಕು. ಟರ್ಮಿನಲ್ ತೆರೆದು ‘ಎಂಕೆಡಿಐಆರ್’ ಕಮಾಂಡ್‌ನಿಂದ ಹೊಸ ಫೋಲ್ಡರ್ ಮಾಡಿ, ‘ಸಿಡಿ’ಯಿಂದ ಅದರೊಳಗೆ ಹೋಗಬೇಕು. ಪೈಥಾನ್‌ನ ‘ವೆನ್ವ್’ನಿಂದ ಈ ಕೆಲಸಕ್ಕೇ ಮೀಸಲಾದ ಒಂದು ಪ್ರತ್ಯೇಕ ಆವರಣ ರಚಿಸಿ, ‘ಸೋರ್ಸ್’ ಕಮಾಂಡ್‌ನಿಂದ ಸಕ್ರಿಯಗೊಳಿಸಬೇಕು. ಬಳಿಕ ‘ಪಿಪ್ ಇನ್‌ಸ್ಟಾಲ್ ಫ್ಲಾಸ್ಕ್’. ಫ್ಲಾಸ್ಕ್ ಎಂಬುದು ಪೈಥಾನ್‌ನಲ್ಲಿ ವೆಬ್ ಅಪ್ಲಿಕೇಶನ್ ಬರೆಯಲು ನೆರವಾಗುವ ಉಚಿತ ತಂತ್ರಾಂಶ.

ತರಗತಿಯಲ್ಲಿ

ಮಗ್ಗದ ಮನೆಗಳಿಂದ ಬರುವ ಮಕ್ಕಳಿದ್ದುದರಿಂದ ನೇಯ್ಗೆಯ ಪದಕೋಶವನ್ನು ವಿಷಯವಾಗಿ ಆರಿಸಿಕೊಂಡೆ. ಪದ, ಅರ್ಥ ಎರಡನ್ನೂ ಮಕ್ಕಳೇ ಹೇಳಿದರು. ಪೈಥಾನ್ 3ರಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಬಳಸಬಹುದು. ಈ ಸಾಲು ಹೀಗೆಯೇ ನಡೆಯುತ್ತದೆ:

ಪದಗಳು = {"ಹಾಸು": "ಉದ್ದದ ಎಳೆ", "ಹೊಕ್ಕು": "ಅಡ್ಡ ಎಳೆ", "ಲಾಳಿ": "ಹೊಕ್ಕನ್ನು ಒಯ್ಯುವ ಸಾಧನ"}

ಇದಕ್ಕೆ ಇನ್ನು ಏಳೆಂಟು ಸಾಲು ಸೇರಿಸಿದರೆ ಸಾಕು. ವಿಳಾಸದ ಕೊನೆಯಲ್ಲಿರುವ ಪದವನ್ನು ತೆಗೆದುಕೊ, ಪಟ್ಟಿಯಲ್ಲಿ ಹುಡುಕು, ಸಿಕ್ಕರೆ ಅರ್ಥ ಕಳಿಸು, ಸಿಗದಿದ್ದರೆ 404 ಕಳಿಸು: ಇಷ್ಟೇ ಅದರ ತಿರುಳು. ಕಡತವನ್ನು ‘ಆ್ಯಪ್ ಡಾಟ್ ಪಿವೈ’ ಎಂದು ಉಳಿಸಿದರೆ ಫ್ಲಾಸ್ಕ್ ತಾನಾಗಿ ಗುರುತಿಸುತ್ತದೆ.

ಅನಂತರ ಲ್ಯಾಪ್‌ಟಾಪ್‌ನ ಹಾಟ್‌ಸ್ಪಾಟ್ ಹಾಕಿ ‘ಫ್ಲಾಸ್ಕ್ ರನ್’ ಕೊಡಬೇಕು. ಜೊತೆಗೆ ‘ಹೋಸ್ಟ್’ 0.0.0.0 ಎಂದು ಸೂಚಿಸಬೇಕು. ಇಲ್ಲದಿದ್ದರೆ ಅಪ್ಲಿಕೇಶನ್ ಆ ಲ್ಯಾಪ್‌ಟಾಪ್‌ಗೆ ಮಾತ್ರ ಕಾಣುತ್ತದೆ. ಉಬುಂಟು ಹಾಟ್‌ಸ್ಪಾಟ್‌ನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ ಸಾಮಾನ್ಯವಾಗಿ 10.42.0.1, ಫ್ಲಾಸ್ಕ್‌ನ ಪೋರ್ಟ್ 5000. ಮೊಬೈಲ್ ಬ್ರೌಸರ್‌ನಲ್ಲಿ 10.42.0.1:5000/ಲಾಳಿ ಎಂದು ಬರೆದರೆ ಅರ್ಥ ಮೂಡುತ್ತದೆ.

‘ನೆಟ್ ಇಲ್ದೆ ಹೆಂಗ್ ಬಂತು ಮಿಸ್?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ತಕ್ಷಣ ಉತ್ತರಿಸದೆ ಟರ್ಮಿನಲ್ ತೋರಿಸಬೇಕು. ಪ್ರತಿ ಕೋರಿಕೆಗೂ ಅಲ್ಲಿ ಒಂದು ಸಾಲು ಮೂಡುತ್ತದೆ: ಕೇಳಿದ ಸಾಧನದ ವಿಳಾಸ, ಸಮಯ, ಕೇಳಿದ ಪುಟ, ಉತ್ತರದ ಸಂಖ್ಯೆ. ಪದವಿದ್ದರೆ 200, ಇಲ್ಲದಿದ್ದರೆ 404. ಕೇಳುವವರು ಯಾರು, ಕೊಡುವವರು ಯಾರು ಎಂಬುದನ್ನು ಮಕ್ಕಳು ಆ ಸಾಲುಗಳಿಂದಲೇ ಓದಿ ಹೇಳಬಲ್ಲರು. ಮೌಸ್ ಒತ್ತಿ ತೆರೆಯುವ ತಂತ್ರಾಂಶಗಳಲ್ಲಿ ಮರೆಯಾಗುವ ಹಂತಗಳು ಇಲ್ಲಿ ಕಣ್ಣೆದುರಿಗಿರುತ್ತವೆ. ಕಮಾಂಡ್ ಲೈನ್‌ನ ಬೋಧನಾ ಮೌಲ್ಯ ಇದೇ.

ಕೊನೆಗೆ ಒಬ್ಬ ವಿದ್ಯಾರ್ಥಿಯಿಂದ ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಿಸಬೇಕು. ಮೊಬೈಲ್‌ನಲ್ಲಿ ಪುಟ ತೆರೆಯುವುದಿಲ್ಲ: ಈಗ ಸರ್ವರ್ ‘ಡೌನ್’! ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಸರ್ವರ್ ನಡೆಸಿದ್ದೂ ಮೇಜಿನ ಮೇಲಿನ ಒಂದು ಕಂಪ್ಯೂಟರಿನಲ್ಲೇ. ಆರಿಸಬೇಡಿ ಎಂಬ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಚೀಟಿ ಏಕೆ ಬೇಕಾಯಿತೆಂದು ಮಕ್ಕಳೇ ವಿವರಿಸಿದರೆ ಕಲಿಕಾಂಶ ಈಡೇರಿದಂತೆ.

ಗಮನಿಸಬೇಕಾದುದು

‘ಫ್ಲಾಸ್ಕ್ ರನ್’ ಪ್ರಯೋಗಕ್ಕೆ ಮಾತ್ರ. ಸಾರ್ವಜನಿಕ ಬಳಕೆಗಲ್ಲ ಎಂದು ಟರ್ಮಿನಲ್ಲೇ ಎಚ್ಚರಿಸುತ್ತದೆ. ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ಇರಲಿ. ಮಕ್ಕಳ ಹೆಸರು, ಅಂಕಗಳಂತಹ ವಿವರಗಳನ್ನು ಉದಾಹರಣೆಯಾಗಿ ಬಳಸುವುದು ಬೇಡ. ನೇಯ್ಗೆಯ ಬದಲು ರಾಗಿ ಬೇಸಾಯದ ಪದಗಳನ್ನೋ ದೇವನಹಳ್ಳಿಯಲ್ಲಾದರೆ ಚಕ್ಕೋತದ ತೋಟದ ಪದಗಳನ್ನೋ ತೆಗೆದುಕೊಳ್ಳಬಹುದು. ಮುಂದಿನ ತರಗತಿಗೆ ಮನೆಯಿಂದ ಐದೈದು ಪದ ಕೇಳಿ ಬರೆದು ತರಲು ಹೇಳಿದರೆ, 404 ಬಂದ ಪದಗಳಿಗೆ ಮಕ್ಕಳೇ ಅರ್ಥ ತುಂಬುತ್ತಾರೆ.