ಇಂಧನ ಒತ್ತಡದ ಮುಳ್ಳು ಕುಣಿದರೆ ದೋಷ ಎಲ್ಲಿ?

ಬೀದರ್: ಇಂದು ಬೀದರ್ ವಾಯುನೆಲೆಯ ಮೇಲೆ ಕೇಳಿಬರುವುದು ಜೆಟ್ ತರಬೇತಿ ವಿಮಾನಗಳ ಸದ್ದು. 1960ರ ದಶಕದಲ್ಲಿ ಇಲ್ಲಿನ ಪ್ರಾಥಮಿಕ ಹಾರಾಟ ಶಾಲೆಯಲ್ಲಿ ಯುವ ಪೈಲಟ್‌ಗಳು ಕಲಿತದ್ದು ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಎಚ್‌ಟಿ-2 ವಿಮಾನದಲ್ಲಿ. 1951ರಲ್ಲಿ ಮೊದಲ ಬಾರಿಗೆ ಹಾರಿದ ಈ ವಿಮಾನಕ್ಕೆ ಕಾರ್ಬುರೇಟರ್ ಉಳ್ಳ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಇತ್ತು. ದೇಶದ ಫ್ಲೈಯಿಂಗ್ ಕ್ಲಬ್‌ಗಳ ಹಲವು ಲಘು ವಿಮಾನಗಳು ಇಂದಿಗೂ ಕಾರ್ಬುರೇಟರ್ ಎಂಜಿನ್‌ಗಳನ್ನೇ ಅವಲಂಬಿಸಿವೆ. ಇವುಗಳಲ್ಲಿ ಆಗಾಗ ತಲೆದೋರುವ ಸಮಸ್ಯೆಯೆಂದರೆ ಇಂಧನ ಒತ್ತಡ ಮಾಪಕದ ಮುಳ್ಳು ಒಂದೆಡೆ ನಿಲ್ಲದಿರುವುದು.

ಎಷ್ಟು ಒತ್ತಡ ಬೇಕು?

ಟ್ಯಾಂಕ್ ಎಂಜಿನ್‌ಗಿಂತ ಕೆಳಗಿರುವ ವಿಮಾನಗಳಲ್ಲಿ ಇಂಧನವನ್ನು ಪಂಪ್ ಮೇಲೆತ್ತಬೇಕು. ಲೈಕಮಿಂಗ್ ಓ-320, ಓ-360 ಮಾದರಿಗಳಲ್ಲಿ ಕಾರ್ಬುರೇಟರ್‌ಗೆ ತಲುಪುವ ಒತ್ತಡ ಚದರ ಅಂಗುಲಕ್ಕೆ 0.5ರಿಂದ 8 ಪೌಂಡ್‌ಗಳ ನಡುವೆ ಇರಬೇಕು. ಎಂಜಿನ್ ಪಂಪ್‌ನ ಡಯಾಫ್ರಮ್ ಬಡಿತದಿಂದ ಮುಳ್ಳು ಅಲ್ಪಸ್ವಲ್ಪ ಅದುರುವುದು ಸಹಜ. ಈ ಮಿತಿಯನ್ನು ದಾಟಿದರೆ ಅಥವಾ ಏರಿಳಿತ ಹಠಾತ್ತನೆ ಹೆಚ್ಚಿದರೆ ಪರೀಕ್ಷೆ ಅನಿವಾರ್ಯ.

ಮಾಪಕದ ದೋಷವೇ?

ವಿದ್ಯುತ್ ಸಂವೇದಕವಿರುವಲ್ಲಿ ಸಡಿಲವಾದ ಅರ್ತಿಂಗ್ ತಂತಿಯೊಂದೇ ಮುಳ್ಳನ್ನು ಕುಣಿಸಬಲ್ಲದು. ಸಂವೇದಕವನ್ನು ಎಂಜಿನ್‌ಗೇ ಬಿಗಿದಿದ್ದರೆ ಕಂಪನದಿಂದಲೂ ಹಾಗಾಗುತ್ತದೆ. ಒತ್ತಡದ ಬಡಿತವನ್ನು ತಗ್ಗಿಸಲು ಮಾಪಕದ ಕೊಳವೆಯಲ್ಲಿ ಸೂಕ್ಷ್ಮ ರಂಧ್ರದ ಜೋಡಣೆ ಇದೆಯೇ ಎಂಬುದನ್ನೂ ನೋಡಬೇಕು. ಬೇರೊಂದು ನಂಬಲರ್ಹ ಮಾಪಕವನ್ನು ಜೋಡಿಸಿ ಹೋಲಿಸಿದರೆ ಸಂದೇಹ ನಿವಾರಣೆಯಾಗುತ್ತದೆ.

ಇಂಧನ ಮಾರ್ಗದ ದೋಷವೇ?

ಎರಡನೆಯ ಮಾಪಕವೂ ಏರಿಳಿತ ತೋರಿದರೆ ವಿಷಯ ಗಂಭೀರ. ಮಾಂಜ್ರಾ ದಂಡೆಯಲ್ಲಿ ಪಂಪ್‌ಸೆಟ್ ನಡೆಸುವ ಭಾಲ್ಕಿ, ಔರಾದ್ ತಾಲ್ಲೂಕಿನ ರೈತರಿಗೆ ಇದರ ಮರ್ಮ ಗೊತ್ತು. ನೀರೆಳೆಯುವ ಪೈಪ್‌ನ ಕೀಲು ಸಡಿಲವಾದರೆ ಹೊರಗೆ ಹನಿ ನೀರೂ ಸೋರದು. ಪಂಪ್ ಮಾತ್ರ ಗಾಳಿ ಹಿಡಿಯುತ್ತದೆ. ವಿಮಾನದಲ್ಲೂ ಟ್ಯಾಂಕ್ ಮತ್ತು ಪಂಪ್‌ನ ನಡುವಿನ ಸಡಿಲ ಜೋಡಣೆ ಹೀಗೆಯೇ ಕಣ್ಣಿಗೆ ಬೀಳದೆ ಉಳಿಯುತ್ತದೆ. ಕಸ ಕಟ್ಟಿದ ಶೋಧಕ, ಮುಚ್ಚಿಹೋದ ಟ್ಯಾಂಕ್ ಗಾಳಿರಂಧ್ರ, ಹಳಸಿದ ಡಯಾಫ್ರಮ್ ಇತರ ಕಾರಣಗಳು. ಬೇಸಿಗೆಯ ಬಿಸಿಲಿನಲ್ಲಿ, ಎಂಜಿನ್ ನಿಲ್ಲಿಸಿ ಮತ್ತೆ ಚಾಲನೆ ಮಾಡುವಾಗ ಕಾದ ಕೊಳವೆಯಲ್ಲಿ ಇಂಧನ ಆವಿಯಾಗಿಯೂ ಒತ್ತಡ ಕುಸಿಯಬಹುದು.

ವಿದ್ಯುತ್ ಸಹಾಯಕ ಪಂಪ್ ಚಾಲೂ ಮಾಡಿದೊಡನೆ ಒತ್ತಡ ಸ್ಥಿರಗೊಂಡರೆ ಎಂಜಿನ್ ಪಂಪ್, ಗಾಳಿಯ ಸೇರ್ಪಡೆ ಅಥವಾ ಆವಿಯ ಕಡೆಗೆ ಸಂದೇಹ ತಿರುಗುತ್ತದೆ. ಆಗಲೂ ಏರಿಳಿತ ಮುಂದುವರಿದರೆ ಶೋಧಕ, ಗಾಳಿರಂಧ್ರಗಳನ್ನು ಬಿಚ್ಚಿ ನೋಡಬೇಕು.

ಅಲಕ್ಷ್ಯ ಸಲ್ಲದು

ಇಂಧನ ಪೂರೈಕೆ ಕಡಿದರೆ ಎಂಜಿನ್ ಆಕಾಶದಲ್ಲೇ ನಿಲ್ಲುತ್ತದೆ. ವಾಯುಪಡೆಯ ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನದ್ದು ಕಾರ್ಬುರೇಟರ್ ಅಲ್ಲ, ಇಂಜೆಕ್ಷನ್ ಎಂಜಿನ್. ಆದರೂ ಹಾರಾಟದ ನಡುವೆ ಎಂಜಿನ್ ನಿಲ್ಲುವ ತೊಂದರೆ ಅದನ್ನು ಕಾಡಿತ್ತು. 2009ರ ಜುಲೈನಲ್ಲಿ ನೆರೆಯ ಮೇದಕ್ ಜಿಲ್ಲೆಯಲ್ಲಿ ಈ ವಿಮಾನ ಪತನಗೊಂಡು ಇಬ್ಬರು ಪೈಲಟ್‌ಗಳು ಮೃತಪಟ್ಟ ಬಳಿಕ ದೀಪಕ್‌ಗಳ ಹಾರಾಟವನ್ನು ನಿಲ್ಲಿಸಲಾಯಿತು.

ಆದ್ದರಿಂದ ಪರವಾನಗಿ ಪಡೆದ ಎಂಜಿನಿಯರ್ ಕಾರಣವನ್ನು ಪತ್ತೆಹಚ್ಚಿ ಸರಿಪಡಿಸುವವರೆಗೆ ವಿಮಾನ ನೆಲದ ಮೇಲೆಯೇ ಉಳಿಯುವುದು ಕ್ಷೇಮ.