ವಂಶವೃಕ್ಷದ ಫೈಲು ಕೆಟ್ಟರೆ ಸಂಬಂಧವೇ ತಪ್ಪುತ್ತದೆ

ಈಗ ನಮ್ಮ ಕಡೆ ಕುಟುಂಬ ಸಮ್ಮಿಲನ ಅಂದರೆ ಬಿರಿಯಾನಿಯ ಜೊತೆ ವಂಶವೃಕ್ಷವೂ ಇರಲೇಬೇಕು. ಹಿಂದೆ ಡ್ರಾಯಿಂಗ್ ಶೀಟಿನಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯುತ್ತಿದ್ದರು. ಈಗ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಲ್ಯಾಪ್‌ಟಾಪ್‌ಗೆ ಗ್ರಾಂಪ್ಸ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡು ಕೂರುತ್ತಾರೆ. ದುಬೈ, ದಮಾಮ್‌ನಲ್ಲಿರುವವರು ಎಕ್ಸೆಲ್ ಕಳಿಸುತ್ತಾರೆ, ಊರಿನ ಮಾಮ ಹಳೇ ನೋಟ್‌ಬುಕ್ ಕೊಡುತ್ತಾರೆ. ಎಲ್ಲ ಸೇರಿಸಿ ಪ್ರಿಂಟ್ ತೆಗೆದರೆ ಒಬ್ಬರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ, ಇನ್ನೊಬ್ಬ ತನಗೆ ತಾನೇ ಅಜ್ಜ, ಮತ್ತೊಬ್ಬರು ತೀರಿಕೊಂಡು ಆರುನೂರು ವರ್ಷ!

ಬ್ಯಾನರಿನಲ್ಲಿ ಒಂದು ಅಕ್ಷರ ತಪ್ಪಿದರೆ ನಕ್ಕು ಸುಮ್ಮನಾಗಬಹುದು. ಆದರೆ ಸಂಬಂಧ ತಪ್ಪಿದರೆ ಹಾಗಲ್ಲ. ಯಾರಿಗೆ ಯಾರು ಮಹ್ರಂ, ಯಾರ ಆಸ್ತಿಗೆ ಯಾರು ವಾರಸುದಾರರು ಅಂತ ನಾಳೆ ನಮ್ಮ ಮಕ್ಕಳು ನೋಡುವುದು ಇದೇ ಫೈಲನ್ನು. ಉಪ್ಪ ಉಮ್ಮ ಇಬ್ಬರೂ ಒಂದೇ ಆದ ಅಣ್ಣತಮ್ಮಂದಿರು, ಉಪ್ಪ ಒಂದೇ ಉಮ್ಮ ಬೇರೆ ಆದವರು, ಉಮ್ಮ ಒಂದೇ ಉಪ್ಪ ಬೇರೆ ಆದವರು, ಈ ಮೂವರ ಸ್ಥಾನ ಆಸ್ತಿ ಪಾಲಿನಲ್ಲಿ ಬೇರೆ ಬೇರೆ. ಹಾಗಾಗಿ ಕೆಟ್ಟ ದಾಖಲೆಯನ್ನು ಸರಿಮಾಡುವುದಕ್ಕೂ ಒಂದು ಕ್ರಮ ಬೇಕು.

ಮೊದಲು ಒಂದು ನಕಲು

ತಪ್ಪು ಕಂಡ ಕೂಡಲೇ ತಿದ್ದಲು ಹೋಗಬೇಡಿ. ಫೈಲಿನ ನಕಲು ತೆಗೆದು, ಹೆಸರಿನ ಜೊತೆ ಆ ದಿನದ ತಾರೀಕು ಹಾಕಿ ಬೇರೆ ಕಡೆ ಇಡಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಂಶವೃಕ್ಷ ಸಾಗಿಸಲು ಜೆಡ್‌ಕಾಮ್ ಎಂಬ ಫೈಲು ಬಳಸುತ್ತಾರೆ. ಅಮೆರಿಕದ ಮಾರ್ಮನ್ ಚರ್ಚಿನವರು 1984ರಲ್ಲಿ ಹೊರತಂದ ಪದ್ಧತಿ ಅದು. ಅದರಲ್ಲಿ ಎಲ್ಲವೂ ದಾಟಿ ಬರುವುದಿಲ್ಲ. ಫೋಟೊಗಳು, ಕೆಲವು ಟಿಪ್ಪಣಿಗಳು ಹಿಂದೆಯೇ ಉಳಿಯಬಹುದು. ಆದ್ದರಿಂದ ಜೆಡ್‌ಕಾಮ್ ಜೊತೆಗೆ ತಂತ್ರಾಂಶದ್ದೇ ಬ್ಯಾಕಪ್ ಕೂಡ ಇರಲಿ.

ಕರೆಂಟು ಹೋಗಿ ಫೈಲು ಅರ್ಧದಲ್ಲೇ ನಿಂತಿದ್ದರೆ ಗ್ರಾಂಪ್ಸ್‌ನಲ್ಲಿ 'ಚೆಕ್ ಅಂಡ್ ರಿಪೇರ್' ಎಂಬ ಉಪಕರಣವಿದೆ. ಕೊಂಡಿ ಕಡಿದ ದಾಖಲೆಗಳನ್ನು ಅದು ಹುಡುಕಿ ಸರಿಮಾಡುತ್ತದೆ. ಅದನ್ನೂ ನಕಲಿನ ಮೇಲೆಯೇ ಓಡಿಸಿ ನೋಡಿ.

ಅಕ್ಷರ ಹಾಳಾದರೆ

ಕನ್ನಡ ಹೆಸರು ಮೂರು ರೀತಿಯಲ್ಲಿ ಹಾಳಾಗುತ್ತದೆ. ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ 'ಎ' ಅಕ್ಷರ ಸಾಲು ಸಾಲಾಗಿ ಬಂದಿದ್ದರೆ ಹೆದರಬೇಡಿ, ಒಳಗೆ ಕನ್ನಡ ಹಾಗೇ ಇದೆ. ಫೈಲನ್ನು ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬೆರೆತು ಬಂದಿದ್ದರೆ ಅದು ಹಳೇ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ತೆಗೆಯಬೇಕು. ಆದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿದು ಫೈಲು ಸೇವ್ ಆಗಿದ್ದರೆ ಆ ಹೆಸರು ಹೋಯಿತು ಅಂತಲೇ ಲೆಕ್ಕ. ಕಳಿಸಿದವರ ಹತ್ತಿರ ಮೂಲ ಫೈಲು ಕೇಳುವುದೊಂದೇ ದಾರಿ.

ಎಕ್ಸೆಲ್‌ನಿಂದ ಕಳಿಸುವವರಿಗೆ ಒಂದು ಮಾತು ಹೇಳಿಬಿಡಿ: ಸೇವ್ ಮಾಡುವಾಗ ಬರೀ 'ಸಿಎಸ್‌ವಿ' ಅಲ್ಲ, 'ಸಿಎಸ್‌ವಿ ಯುಟಿಎಫ್-8' ಆರಿಸಬೇಕು. ಪ್ರಶ್ನಾರ್ಥಕ ಚಿಹ್ನೆಯ ಕಾಟ ಹೆಚ್ಚಾಗಿ ಇಲ್ಲಿಂದಲೇ ಶುರು.

ಒಂದೇ ಹೆಸರು, ಬೇರೆ ಜನ

ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವುದುಂಟು. ಒಂದೇ ಮನೆಯಲ್ಲಿ ಮೂರು ಇಬ್ರಾಹಿಂ, ನಾಲ್ಕು ಆಯಿಶಾ ಇರುತ್ತಾರೆ. ತಂತ್ರಾಂಶ "ಇವರಿಬ್ಬರೂ ಒಬ್ಬರೇ ಇರಬಹುದು" ಅಂತ ತೋರಿಸಿದಾಗ ಹಿಂದೆಮುಂದೆ ನೋಡದೆ ಒಂದು ಮಾಡಿದರೆ ಮೊಮ್ಮಗ ಹೋಗಿ ಅಜ್ಜನ ಜಾಗದಲ್ಲಿ ಕೂರುತ್ತಾನೆ. ಇದಕ್ಕೆ ತದ್ವಿರುದ್ಧವೂ ಇದೆ. ಪಾಸ್‌ಪೋರ್ಟಿನಲ್ಲಿ ಮೊಹಿಯುದ್ದೀನ್, ರೇಷನ್ ಕಾರ್ಡಿನಲ್ಲಿ ಮೊಯ್ದಿನ್, ಮನೆಯಲ್ಲಿ ಮೋನು. ಮನುಷ್ಯ ಒಬ್ಬನೇ, ದಾಖಲೆ ಮೂರು.

ಇಬ್ಬರನ್ನು ಒಂದು ಮಾಡುವ ಮೊದಲು ಉಪ್ಪನ ಹೆಸರು, ಉಮ್ಮನ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಈ ಮೂರೂ ಹೊಂದುತ್ತವೆಯೇ ನೋಡಿ. ತಂತ್ರಾಂಶ ಪ್ರತಿಯೊಬ್ಬರಿಗೂ ಕೊಡುವ ನಂಬರನ್ನು ನೋಟ್‌ಬುಕ್‌ನಲ್ಲೂ ಬರೆದಿಟ್ಟರೆ ಗೊಂದಲ ಕಡಿಮೆ. ಒಮ್ಮೆ ಒಂದಾದ ದಾಖಲೆಗಳನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಇನ್ನೊಂದು ವಿಷಯ. ಮಾಮನ ಮಗಳನ್ನು ಮದುವೆಯಾದ ಮನೆಗಳಲ್ಲಿ ಒಬ್ಬರೇ ಅಜ್ಜ ಚಾರ್ಟಿನ ಎರಡು ಕಡೆ ಬರುತ್ತಾರೆ. ಗಂಡನ ಕಡೆಯಿಂದ ಒಮ್ಮೆ, ಹೆಂಡತಿಯ ಕಡೆಯಿಂದ ಒಮ್ಮೆ. ಅದು ತಪ್ಪಲ್ಲ. "ಡಬಲ್ ಆಗಿದೆ" ಅಂತ ಅಳಿಸಿದರೆ ಒಂದು ಕವಲೇ ಹೋಗುತ್ತದೆ.

ತಾರೀಕಿನ ತೊಡಕು

ಹಿಜರಿ 1390 ಅಂದರೆ ಕ್ರಿ.ಶ. 1970ರ ಆಸುಪಾಸು. ಕ್ಯಾಲೆಂಡರ್ ಆರಿಸದೆ ಬರೀ 1390 ಅಂತ ಹಾಕಿದರೆ ನಮ್ಮ ಅಜ್ಜ ವಿಜಯನಗರದ ಕಾಲದವರಾಗುತ್ತಾರೆ. ಗ್ರಾಂಪ್ಸ್‌ನಲ್ಲಿ ಇಸ್ಲಾಮಿಕ್ ಕ್ಯಾಲೆಂಡರ್ ಆರಿಸುವ ಸೌಲಭ್ಯವಿದೆ, ಅದನ್ನೇ ಬಳಸಿ. ಎಕ್ಸೆಲ್‌ನಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ 25 ಅಂತ ಬರೆದರೆ ಅದು 1925 ಅಲ್ಲ, 2025 ಅಂತ ತಿಳಿಯುತ್ತದೆ. 3/4 ಅನ್ನುವುದು ಏಪ್ರಿಲ್ 3ಕ್ಕೆ ಬದಲು ಮಾರ್ಚ್ 4 ಆಗಬಹುದು. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಸರಿಯಾಗಿ ಗೊತ್ತಿಲ್ಲದಿದ್ದರೆ "ಸುಮಾರು 1935" ಅಂತ ಹಾಕುವ ಅವಕಾಶವೂ ಇದೆ. ಶಾಲೆಯಲ್ಲಿ ಅಂದಾಜಿಗೆ ಬರೆಸಿದ ಜನ್ಮದಿನವನ್ನೇ ಸತ್ಯವೆಂದು ದಾಖಲಿಸುವುದಕ್ಕಿಂತ ಇದು ಒಳ್ಳೆಯದು.

ಎಲ್ಲ ಮುಗಿದ ಮೇಲೆ 'ವೆರಿಫೈ ದಿ ಡೇಟಾ' ಓಡಿಸಿ. ಹುಟ್ಟುವ ಮೊದಲೇ ಮದುವೆಯಾದವರು, ತೀರಿಕೊಳ್ಳುವ ಮೊದಲೇ ದಫನ್ ಆದವರು ಎಲ್ಲ ಪಟ್ಟಿಯಾಗಿ ಸಿಗುತ್ತಾರೆ.

ಹಾಲಿನ ಸಂಬಂಧ, ಸಾಕಿದ ಸಂಬಂಧ

ಸಾಕಿದ ಮಗುವನ್ನು ಹೆತ್ತ ಉಪ್ಪನ ಹೆಸರಿನಿಂದಲೇ ಕರೆಯಬೇಕೆಂದು ಸೂರಃ ಅಲ್ ಅಹ್‌ಝಾಬ್‌ನ 5ನೇ ವಚನ ಹೇಳುತ್ತದೆ. ತಂತ್ರಾಂಶ ಮಗುವನ್ನು ಸೇರಿಸುವಾಗ ಸಾಮಾನ್ಯವಾಗಿ 'ಹೆತ್ತ ಮಗು' ಅಂತಲೇ ತೆಗೆದುಕೊಳ್ಳುತ್ತದೆ. ಅದನ್ನು ನಾವೇ 'ಸಾಕು ಮಗು' ಅಂತ ಬದಲಾಯಿಸಬೇಕು. ಇನ್ನು ಹಾಲು ಕುಡಿಸಿದ ಸಂಬಂಧ. ಅದು ಮದುವೆಗೆ ಅಡ್ಡಿ, ಆದರೆ ಆಸ್ತಿಯ ಪಾಲು ತರುವುದಿಲ್ಲ. ಚಾರ್ಟಿನಲ್ಲಿ ಅದಕ್ಕೆ ಗೆರೆ ಇಲ್ಲದಿರುವುದರಿಂದ ಇಬ್ಬರ ದಾಖಲೆಯಲ್ಲೂ ಟಿಪ್ಪಣಿ ಬರೆದು, ಹೇಳಿದವರು ಯಾರೆಂದೂ ಸೇರಿಸಿ.

ಕಂಪ್ಯೂಟರು "ಇಲ್ಲಿ ಲೆಕ್ಕ ಹೊಂದುತ್ತಿಲ್ಲ" ಅಂತ ಹೇಳಬಲ್ಲದು, ಯಾವುದು ನಿಜ ಅಂತ ಹೇಳಲಾರದು. ಅದು ಇರುವುದು ಜಮಾಅತ್‌ನ ನಿಕಾಹ್ ರಿಜಿಸ್ಟರಿನಲ್ಲಿ, ಖಬರಿನ ಕಲ್ಲಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಅಜ್ಜಿಯ ನೆನಪಿನಲ್ಲಿ. ತಪ್ಪುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅವರ ಹತ್ತಿರ ಕುಳಿತುಕೊಳ್ಳಿ, ಒಂದೊಂದೇ ಹೆಸರು ಓದಿ ಹೇಳಿ. ಅವರಿಗೂ ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಖಾಲಿ ಜಾಗ ಕಂಡರೆ ನಾಳೆ ಯಾರಾದರೂ ಕೇಳಿ ತುಂಬುತ್ತಾರೆ. ಊಹೆಯಿಂದ ತುಂಬಿದ ಹೆಸರನ್ನು ಯಾರೂ ಮತ್ತೆ ಕೇಳಲು ಹೋಗುವುದಿಲ್ಲ.