ತರುಣರ ಕೈಗೆ ಯಾವ ಪುಸ್ತಕ?

ಗ್ರಂಥವೊಂದನ್ನು ಕುರಿತು ವಿವಾದವೆದ್ದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ‘ಹುಡುಗರು ಕೆಟ್ಟಾರು’ ಎಂಬುದು. ಹೀಗೆನ್ನುವವರು ಆ ಗ್ರಂಥವನ್ನೋದಿ ತಾವು ಕೆಟ್ಟೆವೆಂದು ಎಂದೂ ಹೇಳುವುದಿಲ್ಲ. ಕೆಡುವವರು ಯಾವಾಗಲೂ ಬೇರೆಯವರು; ತಮಗಿಂತ ಕಿರಿಯರು, ತಮಗಿಂತ ದುರ್ಬಲರು. ನಿಷೇಧದ ವಾದವೆಲ್ಲ ನಿಂತಿರುವುದು ಈ ಕಲ್ಪಿತ ದುರ್ಬಲ ವಾಚಕನ ಮೇಲೆ. ಆದುದರಿಂದ ಪುಸ್ತಕವನ್ನು ಪರೀಕ್ಷಿಸುವುದಕ್ಕೆ ಮೊದಲು ಈ ವಾಚಕನಾರೆಂದು ವಿಚಾರಿಸುವುದು ಯುಕ್ತವಾದೀತು.

ಆತಂಕವೇನೋ ಹಳೆಯದು. ಎಳೆಯರ ಕಿವಿಗೆ ಬೀಳಬಾರದೆಂದು ಹೋಮರನ ಕಾವ್ಯದ ಎಷ್ಟೋ ಭಾಗಗಳನ್ನು ಹೊಡೆದುಹಾಕಬೇಕೆಂದು ಪ್ಲೇಟೋ ತನ್ನ ‘ರಿಪಬ್ಲಿಕ್’ನಲ್ಲಿ ವಾದಿಸಿದ. 1868ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹಿಕ್ಲಿನ್ ಮೊಕದ್ದಮೆಯಲ್ಲಿ ಈ ಆತಂಕಕ್ಕೆ ಶಾಸನದ ಬಲವನ್ನಿತ್ತಿತು. ಕೆಡುವ ಸ್ವಭಾವದವರ ಕೈಗೆ ಬಿದ್ದರೆ ಅವರನ್ನು ಕೆಡಿಸಬಲ್ಲದೆ ಎಂಬುದೇ ಗ್ರಂಥದ ಒರೆಗಲ್ಲಾಯಿತು. ಹೀಗೆ ಸಮಾಜದಲ್ಲಿ ಅತ್ಯಂತ ಚಂಚಲಚಿತ್ತನಾದವನು ಉಳಿದೆಲ್ಲರ ಪುಸ್ತಕಭಂಡಾರಕ್ಕೆ ಕಾವಲುಗಾರನಾದ.

ಆ ಕಾವಲಿನ ಫಲವನ್ನುಂಡವರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಒಬ್ಬರು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರಕಾವ್ಯವನ್ನು ಆಕೆ 1910ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಇದು ಹೆಂಗಸರು ಕೇಳತಕ್ಕುದಲ್ಲವೆಂದು ಸಮಾಜ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲುಗಳೇ ಮೊದಲು ಜರೆದಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೆ, ಗಂಡಸರು ಬರೆದ ಶೃಂಗಾರಕ್ಕೆ ಈ ನಿಯಮವೇಕಿಲ್ಲ ಎಂದು ನಾಗರತ್ನಮ್ಮನವರು ಕೇಳಿದರು. ಪ್ರಶ್ನೆಗೆ ಉತ್ತರ ಬರಲಿಲ್ಲ. ಸರ್ಕಾರದ ನಿಷೇಧ ಬಂದಿತು. ಅದು ತೆರವಾಗುವುದಕ್ಕೆ ಸ್ವಾತಂತ್ರ್ಯದ ಹೊತ್ತಿನವರೆಗೆ ಕಾಯಬೇಕಾಯಿತು. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ವಿಚಾರಣೆ 1960ರಲ್ಲಿ ಲಂಡನ್ನಿನಲ್ಲಿ ನಡೆದಾಗ, ನಿಮ್ಮ ಹೆಂಡತಿಯೂ ಸೇವಕರೂ ಓದಬೇಕೆಂದು ನೀವು ಬಯಸುವ ಪುಸ್ತಕವೇ ಇದು ಎಂದು ಸರ್ಕಾರದ ವಕೀಲರು ಪಂಚರನ್ನು ಕೇಳಿದ್ದುಂಟು. ಹೆಂಗಸರು, ಆಳುಗಳು, ಎಳೆಯರು: ದುರ್ಬಲ ವಾಚಕರ ಪಟ್ಟಿ ಇಷ್ಟು. ಮೊದಲಿನ ಇಬ್ಬರನ್ನು ಕಾಲ ಈ ಪಟ್ಟಿಯಿಂದ ಬಿಡಿಸಿತು. ಉಳಿದವರು ತರುಣರು.

ತರುಣರ ವಿಷಯ ಬೇರೆಯೆಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಹತ್ತು ವರ್ಷದ ಮಗುವಿಗೆ ಎಲ್ಲವೂ ಸಲ್ಲುವುದಿಲ್ಲ. ಮಗನ ಕೈಯ ಪುಸ್ತಕವನ್ನು ತಿರುವಿ ನೋಡುವ ತಾಯಿಯ ಅಂಜಿಕೆ ಹಾಸ್ಯಕ್ಕೆ ವಸ್ತುವಲ್ಲ. ಕ್ರೌರ್ಯವನ್ನೂ ಅಪರಾಧವನ್ನೂ ರುಚಿಗಟ್ಟಿ ಮಾರುವ ಸರಕು ಪೇಟೆಯಲ್ಲಿ ಇದ್ದೇ ಇದೆ. ಅಂಥದನ್ನು ತಡೆಯಲೆಂದೇ 1956ರಲ್ಲಿ ನಮ್ಮ ಸಂಸತ್ತು ಒಂದು ಕಾಯಿದೆಯನ್ನು ರಚಿಸಿತು. ಇಪ್ಪತ್ತು ವರ್ಷಕ್ಕೆ ಒಳಗಿನವರೆಲ್ಲ ಅದರಲ್ಲಿ ಎಳೆಯರು. 1989ರಿಂದೀಚೆಗೆ ಹದಿನೆಂಟು ತುಂಬಿದವನು ರಾಜ್ಯವನ್ನಾಳುವವರನ್ನೇ ಆರಿಸಬಲ್ಲ. ಕಥೆಯೊಂದನ್ನು ಆರಿಸಲಾರನೆಂದರೆ ವಿಚಿತ್ರವೇ ಸರಿ. ಆದರೂ ಆ ಕಾಯಿದೆಯಲ್ಲಿ ಒಂದು ವಿವೇಕವಿದೆ. ಪ್ರಕಟಣೆಯನ್ನು ಇಡಿಯಾಗಿ ನೋಡಿ ತೀರ್ಮಾನಿಸಬೇಕೆಂದು ಅದು ಹೇಳಿತು.

‘ಇಡಿಯಾಗಿ’ ಎಂಬುದೇ ಇಲ್ಲಿ ಮುಖ್ಯವಾದ ಮಾತು. ನಿಷೇಧವನ್ನು ಬೇಡುವವರು ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ಬರುವುದು ಒಂದು ಪುಟವನ್ನು, ಒಮ್ಮೊಮ್ಮೆ ಒಂದೇ ವಾಕ್ಯವನ್ನು. ಜನ್ನನ ‘ಯಶೋಧರ ಚರಿತೆ’ಯನ್ನು ಈ ಬಗೆಯಲ್ಲಿ ನೋಡಿದರೇನಾದೀತು? ರಾಣಿ ಅಮೃತಮತಿ ಚೆಲುವನಾದ ಗಂಡನನ್ನು ಬಿಟ್ಟು ವಿಕಾರರೂಪಿಯಾದ ಅಷ್ಟಾವಂಕನಿಗೆ ಮನಸೋಲುತ್ತಾಳೆ. ಅವನಿಂದ ಹೊಡೆತ ತಿಂದೂ ಅವನನ್ನೇ ಬಯಸುತ್ತಾಳೆ. ಕಡೆಗೆ ಗಂಡನಿಗೆ ವಿಷವಿಕ್ಕುತ್ತಾಳೆ. ಇಷ್ಟನ್ನೇ ಕತ್ತರಿಸಿ ಮುಂದಿಟ್ಟರೆ ನಿಷೇಧಕ್ಕೆ ಇದಕ್ಕಿಂತ ಯೋಗ್ಯವಾದ ಗ್ರಂಥ ದೊರೆಯದು. ಆದರೆ 1209ರಲ್ಲಿ ಮುಗಿದ ಈ ಕಾವ್ಯದ ಹೃದಯವಿರುವುದು ಹಿಟ್ಟಿನ ಕೋಳಿಯ ಬಲಿಯಲ್ಲಿ. ಜೀವವಿಲ್ಲದ ಕೋಳಿಯನ್ನು ಕೊಲ್ಲುವ ಸಂಕಲ್ಪ ಮಾತ್ರದಿಂದಲೇ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಬೇಯುತ್ತಾರೆ. ಮನಸ್ಸಿನ ಹಿಂಸೆಯನ್ನು ಇಷ್ಟು ಸೂಕ್ಷ್ಮವಾಗಿ ತೂಗಿದ ಕೃತಿಗಳು ನಮ್ಮಲ್ಲಿ ವಿರಳ.

ಇನ್ನೊಂದು ಅಂಶವೂ ವಿಚಾರಾರ್ಹವಾಗಿದೆ. ಈ ಕಥೆಯನ್ನೆಲ್ಲ ಜನ್ನ ಹೇಳಿಸುವುದು ಯಾರ ಬಾಯಿಂದ? ಚಂಡಮಾರಿಗೆ ಬಲಿಯಾಗಿ ಹಿಡಿದು ತಂದ ಎಳೆಯ ಅಣ್ಣತಂಗಿಯರಲ್ಲಿ ಅಣ್ಣನಾದ ಅಭಯರುಚಿಯಿಂದ. ಕೇಳುವವನು ಕತ್ತಿ ಹಿಡಿದು ನಿಂತ ದೊರೆ ಮಾರಿದತ್ತ. ಎಳೆಯನು ನುಡಿಯುತ್ತಾನೆ, ಹಿರಿಯನು ಕೇಳಿ ತಿದ್ದಿಕೊಳ್ಳುತ್ತಾನೆ. ಎಳೆಯ ಬಾಯಿಗೆ ಈ ಕಥೆ ಭಾರವಾದೀತೆಂದು ಜನ್ನನಿಗೆ ತೋರಲಿಲ್ಲ.

ತರಗತಿಯಲ್ಲಿ ಕನ್ನಡ ಪಾಠ ಹೇಳುವವರೆಲ್ಲರೂ ಬಲ್ಲ ಸಂಗತಿಯೊಂದಿದೆ. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಅಧ್ಯಾಪಕರು ಕೆಮ್ಮಿ ದಾಟಿಬಿಡುವ ಪದ್ಯವನ್ನೇ ವಿದ್ಯಾರ್ಥಿಗಳು ಮೊದಲು ಓದುತ್ತಾರೆ. ಉಳಿದದ್ದನ್ನು ಓದದಿದ್ದರೂ ಅದನ್ನು ಬಿಡುವುದಿಲ್ಲ. ದಾಟಿಬಿಟ್ಟದ್ದರಿಂದ ಪದ್ಯ ಮರೆಯಾಗಲಿಲ್ಲ. ಅದಕ್ಕೊಂದು ಅರ್ಥವನ್ನು ಕಾಣಿಸಬೇಕಾಗಿದ್ದ ಗುರು ಮರೆಯಾದ. ಇಂದಿನ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲು ಯಾವುದನ್ನೂ ದಾಟಿಬಿಡುವುದಿಲ್ಲ, ಯಾವುದಕ್ಕೂ ಅರ್ಥ ಹೇಳುವುದೂ ಇಲ್ಲ. ಇಂಥ ಕಾಲದಲ್ಲಿ ಗ್ರಂಥಾಲಯದ ಬೀರುವಿಗೆ ಬೀಗ ಹಾಕುವುದು ಬಯಲಿನಲ್ಲಿ ಬಾಗಿಲು ನಿಲ್ಲಿಸಿದಂತೆ.

ಹಾಗಾದರೆ ಹಿರಿಯರಿಗೆ ಕೆಲಸವೇ ಇಲ್ಲವೆ? ಇದೆ, ಅದು ನಿಷೇಧಕ್ಕಿಂತ ಕಷ್ಟದ ಕೆಲಸ. ಯಾವ ವಯಸ್ಸಿಗೆ ಯಾವುದು ಮೊದಲು, ಯಾವುದು ಅನಂತರ ಎಂದು ಆರಿಸಿಕೊಡುವುದು ಔಚಿತ್ಯ. ಯಾವುದು ಎಂದಿಗೂ ಕೂಡದೆಂದು ಆಜ್ಞಾಪಿಸುವುದು ಅಧಿಕಾರ. ಔಚಿತ್ಯವರಿತು ಆರಿಸುವವನು ಪುಸ್ತಕವನ್ನು ಓದಿರಲೇಬೇಕು. ಆಜ್ಞಾಪಿಸುವವನಿಗೆ ಆ ಶ್ರಮವಿಲ್ಲ. ಸಮರೇಶ ಬಸು ಅವರ ಬಂಗಾಳಿ ಕಾದಂಬರಿ ‘ಪ್ರಜಾಪತಿ’ಯನ್ನು 1985ರಲ್ಲಿ ದೋಷಮುಕ್ತಗೊಳಿಸಿದಾಗ ಸರ್ವೋಚ್ಚ ನ್ಯಾಯಾಲಯ ತೋರಿದ ಮಾರ್ಗವೂ ಇದೇ. ನ್ಯಾಯಾಧೀಶನು ಮೊದಲು ಲೇಖಕನ ಸ್ಥಾನದಲ್ಲಿ ನಿಲ್ಲಬೇಕು, ಅನಂತರ ಬೇರೆಬೇರೆ ವಯಸ್ಸಿನ ವಾಚಕರ ಸ್ಥಾನದಲ್ಲಿ. 2014ರಲ್ಲಿ ಅದೇ ನ್ಯಾಯಾಲಯ ಹಿಕ್ಲಿನ್ ಒರೆಗಲ್ಲನ್ನು ಕೈಬಿಟ್ಟಿತು.

ನ್ಯಾಯಾಧೀಶನಿಗೆ ವಿಧಿಸಿದ ಈ ಶಿಸ್ತು ಅಧ್ಯಾಪಕನಿಗೂ ತಂದೆತಾಯಿಗಳಿಗೂ ಸಲ್ಲತಕ್ಕದ್ದು. ನಮ್ಮ ಆಲಂಕಾರಿಕರು ಕಾವ್ಯದ ಉಪದೇಶವನ್ನು ಕಾಂತಾಸಮ್ಮಿತವೆಂದು ಕರೆದರು. ಒಲಿದವಳು ನಯವಾಗಿ ಹೇಳುವ ಹಿತವಚನದಂತೆ ಅದು ಒಳಗಿಳಿಯುತ್ತದೆ. ಪ್ರಭುವಿನ ಅಪ್ಪಣೆಯ ಬಗೆ ಬೇರೆ. ಅದಕ್ಕೆ ತಲೆಬಾಗಬಹುದು, ಮನಸ್ಸು ಬಾಗದು. ಕಾವ್ಯವನ್ನು ತರುಣರಿಂದ ಕಾಯಲು ಹೊರಟವರು ಕಾವ್ಯ ಬಿಟ್ಟುಕೊಟ್ಟ ಆ ಪ್ರಭುವಿನ ದನಿಯನ್ನೇ ಎತ್ತಿಕೊಳ್ಳುತ್ತಿದ್ದಾರೆ. ಓದಿದ ಹಿರಿಯರು ಪಕ್ಕದಲ್ಲಿ ಕುಳಿತು ಓದಿಸಲಿ, ಒಪ್ಪದಿದ್ದಲ್ಲಿ ಜಗಳವಾಡಲಿ. ಸಹೃದಯತೆ ಅಭ್ಯಾಸದಿಂದ ಬರತಕ್ಕದ್ದು. ಆ ಅಭ್ಯಾಸಕ್ಕೆ ತಾರುಣ್ಯವಲ್ಲದೆ ಬೇರೆ ಯಾವ ಕಾಲವನ್ನು ನಾವು ಗೊತ್ತುಮಾಡಿದ್ದೇವೆ?